ಎಡ ಮುಂದಿನ ಚಕ್ರದ ನಟ್ಟುಗಳು

ನೇರ ಹಾದಿಯ ಕೊನೆಯಲ್ಲಿ ಕಾರು ಬ್ರೇಕ್ ಹಾಕಿದ್ದು ಕಂಡಿತು. ಮರುಕ್ಷಣ ಅದರಿಂದ ಏನೋ ಕಪ್ಪಗೆ ಬೇರೆಯಾಗಿ, ಕಾರಿಗಿಂತ ವೇಗವಾಗಿ ಮುಂದಕ್ಕೆ ಉರುಳಿತು. ಅದು ನಮ್ಮದೇ ಚಕ್ರ ಎಂದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ತಡೆಗೋಡೆಯ ಟಯರ್ ಸಾಲಿಗೆ ಬಡಿದು, ಮೇಲಕ್ಕೆ ಹಾರಿ, ಆಚೆ ನಿಲ್ಲಿಸಿದ್ದ ನೀರಿನ ಟ್ಯಾಂಕರಿನ ಬಾಗಿಲನ್ನು ನಜ್ಜುಗುಜ್ಜಾಗಿಸಿ ಮರಳಿಗೆ ಬಿತ್ತು. ಟ್ಯಾಂಕರಿನ ಚಾಲಕ ಆಗಷ್ಟೇ ನಮಾಜಿಗೆಂದು ಇಳಿದು ಹೋಗಿದ್ದನಂತೆ. ಕಾರು ಉಳಿದ ಮೂರು ಚಕ್ರಗಳ ಮೇಲೆ ಗಿರಕಿ ಹೊಡೆದು ಜಲ್ಲಿಯಲ್ಲಿ ಹೂತು ನಿಂತಿತು.

ರೇಡಿಯೋದಲ್ಲಿ ನಮ್ಮ ಚಾಲಕನನ್ನು ಕರೆದೆ. ಉತ್ತರ ಬರಲಿಲ್ಲ. ಮತ್ತೆ ಕರೆದೆ. ಬರೀ ಉಸಿರಿನ ಸದ್ದು ಕೇಳಿಸಿತು.

"ಚೀಫ್, ನನಗೇನೂ ಆಗಿಲ್ಲ" ಎಂದ ಕೊನೆಗೆ. "ಸ್ಟಿಯರಿಂಗ್ ತಿರುಗಿಸಿದೆ. ಕಾರು ತಿರುಗಲಿಲ್ಲ."

ಆ ತಂಡಕ್ಕೆ ನಾನು ಕ್ರ್ಯೂ ಚೀಫ್. ಕಾರನ್ನು ರೇಸಿಗೆ ಸಿದ್ಧಮಾಡುವ ಕೆಲಸಗಾರರೆಲ್ಲ ನನ್ನ ಕೈಕೆಳಗೆ. ಕಾರು ಟ್ರ್ಯಾಕಿನಲ್ಲಿದ್ದಷ್ಟು ಹೊತ್ತು ಚಾಲಕನ ಕಿವಿಯಲ್ಲಿ ಮಾತಾಡುವವನೂ ನಾನೇ. ಒಳಗೆ ಬಾ, ಹೊರಗೆ ಹೋಗು ಎನ್ನುವುದು ನನ್ನ ಮಾತು. ಅಂಗಡಿಯಲ್ಲಿ ಸಿಗುವ ಸೆಡಾನ್ ಕಾರನ್ನೇ ತಂದು, ಒಳಗಿನ ಸೀಟು, ಕಾರ್ಪೆಟ್ ಎಲ್ಲ ಕಿತ್ತು, ಕಬ್ಬಿಣದ ಪಂಜರ ಬೆಸುಗೆ ಹಾಕಿ ಓಡಿಸುವ ರೇಸುಗಳು ಅವು. ದೋಹಾದ ಉತ್ತರಕ್ಕೆ ಮರಳಿನ ನಡುವೆ ಇರುವ ಸರ್ಕ್ಯೂಟಿನಲ್ಲಿ ಚಳಿಗಾಲದ ವಾರಾಂತ್ಯಗಳಲ್ಲಿ ನಡೆಯುತ್ತಿದ್ದವು. ಊರು ತುಂಬ ಕ್ರೇನುಗಳು ಎದ್ದು ನಿಂತಿದ್ದ, ವಾರಕ್ಕೊಮ್ಮೆ ರಸ್ತೆಯ ದಿಕ್ಕು ಬದಲಾಗುತ್ತಿದ್ದ ವರ್ಷಗಳವು. ಆ ದಿನದ್ದು ರೇಸಲ್ಲ, ಮುಂದಿನ ವಾರದ ರೇಸಿಗೆ ಅಭ್ಯಾಸದ ಓಟ.

ಕಾರಿನ ಯಜಮಾನರನ್ನು ನಾವೆಲ್ಲ ಅರಬಾಬ್ ಎಂದೇ ಕರೆಯುತ್ತಿದ್ದೆವು. ಓಡಿಸುತ್ತಿದ್ದವನು ಅವರ ಕೊನೆಯ ತಮ್ಮ. ಇಪ್ಪತ್ತೈದರ ಆಸುಪಾಸು, ಕೆಲಸಗಾರರ ಮೇಲೆ ಒಮ್ಮೆಯೂ ದನಿ ಎತ್ತಿದವನಲ್ಲ.

ಟ್ರಕ್ ಕಾರನ್ನು ಎಳೆದು ತಂದಾಗ ಅರಬಾಬ್ ಪಿಟ್ಟಿನಲ್ಲಿ, ನಾವು ಕಾರು ರಿಪೇರಿ ಮಾಡುವ ಜಾಗದಲ್ಲಿ, ನಿಂತಿದ್ದರು. ಮೊದಲು ತಮ್ಮನ ಹೆಗಲು, ಕತ್ತು ಮುಟ್ಟಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಆ ಚಕ್ರ ಬಿಗಿ ಮಾಡಿದ್ದು ಯಾರು?"

"ನಾನು" ಎಂದರು ಇಕ್ಕ.

ಇಕ್ಕ ಕಾಸರಗೋಡಿನವರು, ಇಕ್ಕ ಎಂದರೆ ಅಲ್ಲಿ ಅಣ್ಣ. ತಂಡದ ಟಯರ್ ಕೆಲಸವೆಲ್ಲ ಅವರದ್ದು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ನನ್ನ ಜತೆ ತುಳು, ಕನ್ನಡ ಎರಡೂ ಮಾತಾಡುತ್ತಿದ್ದರು. ಮಲಯಾಳ ಬರುವುದು ಸಿಟ್ಟು ಬಂದಾಗ. ಅವತ್ತು ಯಾವ ಭಾಷೆಯೂ ಬರಲಿಲ್ಲ.

"ಖಲಾಸ್" ಎಂದರು ಅರಬಾಬ್. "ನಾಳೆಯಿಂದ ಈ ಮನುಷ್ಯ ಕಾರು ಮುಟ್ಟಬಾರದು. ರೇಸ್ ಮುಗಿದ ಮೇಲೆ ಊರಿಗೆ."

"ಕಾರಣ ಇನ್ನೂ ಗೊತ್ತಿಲ್ಲ, ಅರಬಾಬ್. ರೇಸಿನ ತನಕ ಸಮಯ ಕೊಡಿ."

"ಚಕ್ರ ಬಿತ್ತು. ಇನ್ನೇನು ಕಾರಣ?"

ನಾನೂ ಒಳಗೊಳಗೆ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಮುರಿದ ಭಾಗವನ್ನು ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗ್ಯಾರೇಜಿನಲ್ಲಿ ಬೆಳಕಿಗೆ ಹಿಡಿದು ನೋಡಿದೆ. ಒಂದೊಂದು ಚಕ್ರವನ್ನೂ ಐದು ಬೋಲ್ಟು, ಐದು ನಟ್ಟು ಹಿಡಿದುಕೊಂಡಿರುತ್ತವೆ. ಕಳಚಿದ್ದು ಎಡಗಡೆಯ ಮುಂದಿನ ಚಕ್ರ. ಅದರ ಬೋಲ್ಟುಗಳಲ್ಲಿ ಎರಡು ಮುರಿದಿದ್ದವು, ಮೂರರ ತಿರುಪಿನ ಸುತ್ತು ಸವೆದು ನುಣ್ಣಗಾಗಿತ್ತು. ನಟ್ಟುಗಳು ಟ್ರ್ಯಾಕಿನಲ್ಲಿ ಎಲ್ಲೋ ಚೆಲ್ಲಿಹೋಗಿದ್ದವು. ಚಕ್ರದ ತೂತುಗಳು ದುಂಡಗೆ ಉಳಿದಿರಲಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದುಕೊಂಡಿದ್ದವು. ಬೋಲ್ಟು ಕಳಪೆಯಾಗಿದ್ದರೆ ಒಮ್ಮೆಲೇ ಮುರಿಯಬೇಕು. ತೂತು ಹೀಗಾಗಬೇಕಾದರೆ ಚಕ್ರ ಸಡಿಲವಾಗಿಯೇ ಸಾಕಷ್ಟು ದೂರ ಓಡಿರಬೇಕು. ನೋಡಿದ್ದೆಲ್ಲವೂ ಇಕ್ಕನ ಕೈಯನ್ನೇ ತೋರಿಸುತ್ತಿತ್ತು.

ಆದರೆ ಅವರು ಬಿಗಿ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಮೊದಲು ಗಾಳಿಯ ಗನ್ನಿನಲ್ಲಿ ತಿರುಗಿಸುವುದು. ಆಮೇಲೆ ಟಾರ್ಕ್ ವ್ರೆಂಚ್. ಬೇಕಾದಷ್ಟು ಬಿಗಿ ಬಂದ ಕೂಡಲೇ ಟಕ್ ಎನ್ನುವ ಉದ್ದ ಹಿಡಿಯ ಸ್ಪ್ಯಾನರ್. ಟಕ್ ಎಂದ ಮೇಲೆ ನಟ್ಟಿನಿಂದ ಚಕ್ರದ ಮೇಲಕ್ಕೆ ಹಳದಿ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ನಟ್ಟು ಸ್ವಲ್ಪ ತಿರುಗಿದರೂ ಗೆರೆ ತುಂಡಾಗುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಇಕ್ಕ ಇದರಲ್ಲಿ ಯಾವುದನ್ನೂ ಬಿಟ್ಟಿರಲಿಲ್ಲ. ಬಿಟ್ಟಿರಲಿಲ್ಲ ಎಂದು ನನ್ನ ನೆನಪು. ಎಷ್ಟು ಸಲ ನೆನಪಿಸಿಕೊಂಡೆನೆಂದರೆ, ಕಂಡದ್ದು ಯಾವುದು, ಕಂಡಿರಬೇಕು ಎಂದು ನಾನೇ ಸೇರಿಸಿಕೊಂಡದ್ದು ಯಾವುದು ಎಂಬುದೇ ಕಲಸಿಹೋಯಿತು.

ನಮ್ಮ ಮನೆ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಫ್ಲಾಟಿನಲ್ಲಿ. ಹೆಂಡತಿ ಹತ್ತಿರದ ಇಂಡಿಯನ್ ಸ್ಕೂಲಿನಲ್ಲಿ ಟೀಚರು. ಊಟಕ್ಕೆ ಕೂತಾಗ ಅವಳು ಎರಡು ಸಲ ಏನೋ ಕೇಳಿದಳಂತೆ, ನನಗೆ ಕೇಳಿಸಲಿಲ್ಲ.

"ಆ ಇಕ್ಕ ಮರೆತಿರ್ಬಹುದಾ?" ಎಂದು ಮೂರನೆಯ ಸಲ ನೇರವಾಗಿಯೇ ಕೇಳಿದಳು.

"ಮರೆತಿದ್ರೆ ನನಗೆ ಸುಲಭ. ಮರೆತವರನ್ನು ತೆಗೆದ್ರೆ ಆಯ್ತು, ಕಾರು ಸರಿ ಉಂಟು ಅಂತ ಅರ್ಥ. ಮರೆತದ್ದಲ್ಲ ಅಂತಾದ್ರೆ ಎಂತದು ಅಂತ ಗೊತ್ತಿಲ್ಲದೆ ಆ ಹುಡುಗನನ್ನು ಮತ್ತೆ ಅದರಲ್ಲಿ ಕೂರಿಸ್ಬೇಕು."

"ಕೂರಿಸದಿದ್ರೆ?"

"ಬೇರೆ ಯಾರಾದ್ರೂ ಕೂರಿಸ್ತಾರೆ."

ಅವಳು ಸಾರು ಬಡಿಸಿದಳು. ಏನು ತಿಂದೆನೋ ನೆನಪಿಲ್ಲ.

ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ಮುಐದರ್ ಎಂಬ ಬಡಾವಣೆಗೆ ಹೋದೆ. ಅಲ್ಲಿ ಹಳೆಯ ವಿಲ್ಲಾವೊಂದನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟಿದ್ದರು. ಇಕ್ಕ ಬೇರೆ ನಾಲ್ವರ ಜತೆ ಒಂದು ಕೋಣೆಯಲ್ಲಿದ್ದರು. ಅಂಗಳದ ತಂತಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

"ಹೇಳ್ಲಿಕ್ಕೆ ಬಂದದ್ದಾ, ಕೇಳ್ಲಿಕ್ಕೆ ಬಂದದ್ದಾ?" ಎಂದರು.

"ಕೇಳ್ಲಿಕ್ಕೆ."

"ಎಂತ ಕೇಳುದು ಮಾರಾಯ್ರೆ. ನಾನು ಬಿಗಿ ಮಾಡಿದ್ದೇನೆ. ನಾಲ್ಕೂ ಚಕ್ರ ಒಂದೇ ಹಾಗೆ ಮಾಡಿದ್ದು. ನಿನ್ನೆಯಿಂದ ನನಗೇ ನನ್ನ ಕೈ ಮೇಲೆ ಸಂಶಯ ಬರ್ತಾ ಉಂಟು. ನೀವೂ ಕೇಳಿದ್ರೆ ನಾನು ಎಲ್ಲಿಗೆ ಹೋಗ್ಲಿ?"

ಅವರು ಒದ್ದೆ ಲುಂಗಿಯನ್ನು ಜಾಡಿಸಿ ತಂತಿಗೆ ಹಾಕಿದರು. ಒಳಗೆ ಕರೆದು ಸುಲೈಮಾನಿ ಚಹಾ ಕೊಟ್ಟರು. ಕುಡಿಯುವಾಗ ಅವರ ಮಾತು ಒಳಗೆ ತಿರುಗುತ್ತಲೇ ಇತ್ತು. ನಾಲ್ಕೂ ಚಕ್ರ ಒಂದೇ ಹಾಗೆ ಮಾಡಿದ್ದು. ಉಳಿದ ಮೂರು ಚಕ್ರ ಇನ್ನೂ ಕಾರಿನಲ್ಲೇ ಇದ್ದವು. ಅವುಗಳ ಹಳದಿ ಗೆರೆ ಅಲ್ಲಾಡಿಲ್ಲ ಎಂದು ನೋಡಿ, ಅವು ಸರಿ ಇವೆ ಎಂದು ನಾನು ಮುಟ್ಟಿಯೇ ಇರಲಿಲ್ಲ. ಮುರಿದ ಒಂದರ ಹಿಂದೆಯೇ ಬಿದ್ದಿದ್ದೆ.

"ಇಕ್ಕ, ಗ್ಯಾರೇಜಿಗೆ ಬನ್ನಿ."

"ಕಾರು ಮುಟ್ಬಾರದು ಅಂತ ಹೇಳಿದ್ದಾರಲ್ಲ."

"ಮುಟ್ಟುದು ಬೇಡ. ಬಂದು ನಿಲ್ಲಿ."

ಗ್ಯಾರೇಜಿನಲ್ಲಿ ನಾನೇ ಟಾರ್ಕ್ ವ್ರೆಂಚ್ ತೆಗೆದುಕೊಂಡೆ. ಬಲಗಡೆಯ ಮುಂದಿನ ಚಕ್ರ. ಗೆರೆ ಅಖಂಡವಾಗಿತ್ತು. ವ್ರೆಂಚ್ ಕೂರಿಸಿ ಎಳೆದೆ. ನಟ್ಟು ಸರಿಯಾಗಿದ್ದರೆ ಅಲ್ಲಾಡುವ ಮೊದಲೇ ಟಕ್ ಎನ್ನಬೇಕು. ಅನ್ನಲಿಲ್ಲ. ನಟ್ಟು ಮೆತ್ತಗೆ ತಿರುಗಿತು, ಹಳದಿ ಗೆರೆ ನನ್ನ ಕಣ್ಣೆದುರೇ ತುಂಡಾಯಿತು, ಸುಮಾರು ಕಾಲು ಸುತ್ತಿನ ನಂತರ ಟಕ್ ಎಂದಿತು. ಎರಡನೆಯದೂ ಹಾಗೆಯೇ. ಹಿಂದಿನ ಚಕ್ರಗಳದ್ದು ಅಷ್ಟಿರಲಿಲ್ಲ, ಆದರೂ ತಿರುಗಿದವು.

ನಟ್ಟು ಹಿಂದಕ್ಕೆ ತಿರುಗಿಲ್ಲ, ಆದರೂ ಬಿಗಿ ಹೋಗಿದೆ. ಅಂದರೆ ನಟ್ಟಿನ ಅಡಿಯಲ್ಲಿ ಏನೋ ತೆಳುವಾಗಿದೆ.

ಚಕ್ರ ಬಿಚ್ಚಿದೆ. ನಟ್ಟು ಕೂರುವ ಇಳಿಜಾರಿನಲ್ಲಿ ಮೆರೂನ್ ಬಣ್ಣ ಹಿಂಡಿ ಹೊರಗೆ ಬಂದು, ಅಂಚಿನಲ್ಲಿ ಉಂಗುರದ ಹಾಗೆ ಗಟ್ಟಿಯಾಗಿತ್ತು. ಚಕ್ರ ಕಾರಿಗೆ ಅಂಟಿ ಕೂರುವ ಬೆನ್ನಿನಲ್ಲೂ ಅದೇ ಬಣ್ಣ. ಬ್ರೇಕಿನ ಕಾವಿಗೆ ಮೆತ್ತಗಾಗಿ, ಅರ್ಧ ಆಚೆ ಲೋಹಕ್ಕೆ ಹತ್ತಿಕೊಂಡಿತ್ತು. ಉಗುರಿನಿಂದ ಕೆರೆದರೆ ಪದರವಾಗಿ ಎದ್ದಿತು. ಎಂದಾದರೂ ಒಮ್ಮೆ ಊರೊಳಗೆ ಓಡುವ ಕಾರಾದರೆ ಬಹುಶಃ ಏನೂ ಆಗುತ್ತಿರಲಿಲ್ಲ. ನಮ್ಮ ಬ್ರೇಕು ಕೆಂಪಗೆ ಕಾಯುತ್ತದೆ. ಅದರಲ್ಲೂ ಆ ಸರ್ಕ್ಯೂಟಿನ ತಿರುವುಗಳಲ್ಲಿ ಎಡಗಡೆಯ ಮುಂದಿನ ಚಕ್ರಕ್ಕೇ ಹೊರೆ ಹೆಚ್ಚು.

ಇಕ್ಕ ನೆಲದಲ್ಲಿ ಕುಳಿತುಬಿಟ್ಟರು. ಮುಖ ಒರೆಸಿಕೊಂಡರು. "ದೇವರೇ" ಎಂದಷ್ಟೇ ಹೇಳಿದರು.

ಆ ಬಣ್ಣ ಅರಬಾಬ್ ತಾವೇ ಆರಿಸಿದ್ದು. ರಾಷ್ಟ್ರೀಯ ದಿನ ಹತ್ತಿರ ಬರುತ್ತಿತ್ತು, ಬಾವುಟದ ಬಣ್ಣದ ಚಕ್ರಗಳಿರಲಿ ಎಂದು ಸ್ನೇಹಿತರೊಬ್ಬರ ಕಾರ್ಖಾನೆಗೆ ಕಳಿಸಿ ದಪ್ಪಗೆ ಹೊಡೆಸಿ ತಂದಿದ್ದರು. ಚೆನ್ನಾಗಿ ಕಾಣುತ್ತಿತ್ತು ಕೂಡ. ಸಂಜೆ ಅವರನ್ನು ಗ್ಯಾರೇಜಿಗೆ ಕರೆಸಿ ಉಂಗುರ ತೋರಿಸಿದೆ, ಸಡಿಲ ನಟ್ಟು ತಿರುಗಿಸಿ ತೋರಿಸಿದೆ. ಅವರು ಬಗ್ಗಿ ನೋಡಿದರು.

"ನನ್ನ ಸ್ನೇಹಿತ ನೂರಾರು ಚಕ್ರಗಳಿಗೆ ಬಣ್ಣ ಹೊಡೆಯುತ್ತಾನೆ. ಯಾವುದೂ ಬಿದ್ದಿಲ್ಲ."

"ಅವು ರೇಸ್ ಮಾಡುವುದಿಲ್ಲ, ಅರಬಾಬ್."

"ನಿನಗೆ ಈ ಮನುಷ್ಯ ಬೇಕು. ಅದಕ್ಕೆ ಬಣ್ಣ ಹುಡುಕಿದ್ದೀಯ."

ಹೀಗೆ ಹೇಳಿದ್ದು ಕೋಪದಿಂದಲ್ಲ. ನಿಜವಾಗಿಯೂ ಹಾಗೆಂದೇ ಅವರು ನಂಬಿದ್ದರು. ಚಕ್ರ ಕೂರುವ ಜಾಗದಲ್ಲಿ, ನಟ್ಟು ಕೂರುವ ಜಾಗದಲ್ಲಿ ಬಣ್ಣ ಪೂರಾ ಕೆರೆದು ತೆಗೆಯುತ್ತೇನೆ, ಹೊರಗಿನ ಚಂದಕ್ಕೆ ಏನೂ ಆಗದು ಎಂದೆ. ಇಕ್ಕನೇ ಬಿಗಿ ಮಾಡಲಿ ಎಂದೂ ಕೇಳಿದೆ. ಅವರು ಹೊರಗಿನ ಬಣ್ಣದ ಮೇಲೆ ಬೆರಳಾಡಿಸಿ ನೋಡಿದರು.

"ಸರಿ. ಆದರೆ ಇನ್ನೊಮ್ಮೆ ಒಂದು ನಟ್ಟು ಸಡಿಲ ಸಿಕ್ಕಿದರೆ ಇಬ್ಬರೂ ಒಂದೇ ವಿಮಾನದಲ್ಲಿ."

ರೇಸಿನ ತನಕ ಉಳಿದ ಸಮಯವೆಲ್ಲ ಕೆರೆಯುವುದರಲ್ಲೇ ಹೋಯಿತು. ಬಣ್ಣ ಕರಗಿಸುವ ದ್ರವ ಹಚ್ಚಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಲೋಹ ಬೆಳ್ಳಗೆ ಕಾಣುವ ತನಕ ಕೆರೆದೆವು. ಎಲ್ಲ ಕಡೆ ಹೊಸ ಬೋಲ್ಟು, ಹೊಸ ನಟ್ಟು. ಸ್ವಲ್ಪ ಓಡಿಸುವುದು, ಬ್ರೇಕ್ ಆರಿದ ಮೇಲೆ ವ್ರೆಂಚ್ ಹಾಕುವುದು. ಪ್ರತಿಸಲವೂ ನಟ್ಟು ಅಲ್ಲಾಡದೆ ಟಕ್ ಎಂದಿತು. ಹಾಗಾದರೂ ನನಗೆ ಸಮಾಧಾನ ಬರಲಿಲ್ಲ. ಕಾರಣ ಸಿಕ್ಕಿದೆ ಎಂದು ಬುದ್ಧಿ ಹೇಳುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಬಣ್ಣವೇ ಪೂರ್ತಿ ಕಾರಣ ಅಲ್ಲದಿದ್ದರೆ? ಕಾರು ನೇರ ಹಾದಿಯ ಕೊನೆಗೆ ಹೋದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದೆ, ಅದು ತಿರುವಿನಲ್ಲಿ ಮರೆಯಾದಾಗ ಬಿಡುತ್ತಿದ್ದೆ.

ಚಾಲಕನಲ್ಲೂ ಒಂದು ಬದಲಾವಣೆ ಕಂಡೆ. ಮೊದಲು ಕಾರು ಹತ್ತುವಾಗ ಏನಾದರೊಂದು ತಮಾಷೆ ಮಾಡುತ್ತಿದ್ದವನು ಈಗ ಚಕ್ರದ ಬಳಿ ಬಂದು ನಿಂತು, ಇಕ್ಕ ಗೆರೆ ಎಳೆಯುವ ತನಕ ನೋಡುತ್ತಿದ್ದ. ಇರಬೇಕಾದ್ದೇ ಎಂದುಕೊಂಡೆ.

ರೇಸಿನ ದಿನ ಗಾಳಿ ಇತ್ತು, ಟ್ರ್ಯಾಕಿನ ಅಂಚಿನಲ್ಲಿ ಮರಳು ಹರಿದಾಡುತ್ತಿತ್ತು. ದೀರ್ಘ ಓಟ, ನಡುವೆ ಒಮ್ಮೆ ಎಲ್ಲರೂ ಪೆಟ್ರೋಲಿಗೂ ಟಯರಿಗೂ ನಿಲ್ಲಲೇಬೇಕು. ಆ ನಿಲುಗಡೆಯಲ್ಲಿ ಬೇರೆ ತಂಡಗಳು ಗನ್ನು ಹಾಕಿ ಕಳಿಸಿಬಿಡುತ್ತವೆ. ನಾವು ಗನ್ನಿನ ಮೇಲೆ ವ್ರೆಂಚನ್ನೂ ಹಾಕಿದೆವು. ಇಕ್ಕ ನಾಲ್ಕೂ ಚಕ್ರ ಸುತ್ತಿ ಬರುವಷ್ಟರಲ್ಲಿ ಎರಡು ಕಾರು ನಮ್ಮನ್ನು ದಾಟಿದವು. ಅರಬಾಬ್ ನನ್ನ ಬೆನ್ನ ಹಿಂದೆ ನಿಂತು ಏನೋ ಗೊಣಗಿದರು. ಆದರೆ ಚಾಲಕ ಅವತ್ತು ಬಹಳ ಚೆನ್ನಾಗಿ ಓಡಿಸುತ್ತಿದ್ದ. ಕಳಕೊಂಡದ್ದನ್ನು ಹಿಂದೆ ಪಡೆದ. ಮೂರನೆಯ ಸ್ಥಾನಕ್ಕೆ ಬಂದ. ಆ ತಂಡ ಅಲ್ಲಿಯತನಕ ಪದಕದ ಮೆಟ್ಟಿಲು ಹತ್ತಿದ್ದೇ ಇಲ್ಲ.

ಆಗ ಯಾರದೋ ಕಾರು ಕೆಟ್ಟು ಅಡ್ಡ ನಿಂತಿತು. ಅದನ್ನು ತೆಗೆಯುವ ತನಕ ಎಲ್ಲರೂ ಸುರಕ್ಷಾ ಕಾರಿನ ಹಿಂದೆ ಸಾಲಾಗಿ ನಿಧಾನಕ್ಕೆ ಸುತ್ತಿದರು. ಮತ್ತೆ ಓಟ ಬಿಟ್ಟ ಸ್ವಲ್ಪದರಲ್ಲೇ ರೇಡಿಯೋ ಮಾತಾಡಿತು.

"ಚೀಫ್, ನಡುಕ ಉಂಟು."

"ಎಲ್ಲಿ?"

"ಮುಂದೆ. ಎಡಗಡೆ."

"ಎಷ್ಟು? ಸಣ್ಣದಾ, ದೊಡ್ಡದಾ?"

ಸ್ವಲ್ಪ ಹೊತ್ತು ಮಾತಿಲ್ಲ. "ದೊಡ್ಡದು."

ನಿಧಾನವಾಗಿ ಸುತ್ತುವಾಗ ಟಯರುಗಳಿಗೆ ಟ್ರ್ಯಾಕಿನಲ್ಲಿ ಉದುರಿದ ರಬ್ಬರಿನ ಚೂರುಗಳು ಅಂಟಿಕೊಳ್ಳುವುದುಂಟು. ಆಗಲೂ ಕಾರು ನಡುಗುತ್ತದೆ, ಎರಡು ಸುತ್ತಿನಲ್ಲಿ ಚೂರು ಕಿತ್ತುಹೋದರೆ ನಿಲ್ಲುತ್ತದೆ. ಅದೇ ಇರಬೇಕು ಎಂದು ನನಗೆ ಗೊತ್ತಿತ್ತು. ಹಿಂದಿನ ಸಲ ಚಕ್ರ ಕಳಚುವ ಮುಂಚೆಯೂ ನಡುಕ ಬಂದಿತ್ತು ಎಂದು ಅವನು ಆಮೇಲೆ ಹೇಳಿದ್ದೂ ನೆನಪಿತ್ತು.

"ಕರೆಯಬೇಡ" ಎಂದರು ಅರಬಾಬ್. ಅವರೂ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡಿದ್ದರು. "ರಬ್ಬರ್ ಅದು. ಮೂರನೆಯ ಸ್ಥಾನ. ಹೋಗಲಿ ಬಿಡು."

ಇಕ್ಕನ ಕಡೆ ನೋಡಿದೆ. ಅವರಿಗೆ ರೇಡಿಯೋ ಇರಲಿಲ್ಲ, ಆದರೆ ನನ್ನ ಮುಖ ನೋಡಿ ತಿಳಿದುಕೊಂಡರು. ವ್ರೆಂಚ್ ಕೈಗೆ ತೆಗೆದುಕೊಂಡು ಎದ್ದು ನಿಂತರು. ಒಳಗೆ ಕರೆದು ನಟ್ಟು ಸಡಿಲ ಸಿಕ್ಕಿದರೆ ಈ ಮನುಷ್ಯನ ಕತೆ ಮುಗಿಯಿತು. ಬಿಗಿ ಇದ್ದರೆ ನಾನು ಸುಮ್ಮಸುಮ್ಮನೆ ಮೂರನೆಯ ಸ್ಥಾನ ಎಸೆದ ಹಾಗೆ. ಕರೆಯದೇ ಇದ್ದರೆ ಬಹುಶಃ ಏನೂ ಆಗುವುದಿಲ್ಲ. ಆ ಬಹುಶಃ ಎಂಬ ಮಾತಿನ ಮೇಲೆ ಒಬ್ಬನನ್ನು ನೇರ ಹಾದಿಯ ಕೊನೆಗೆ ಕಳಿಸಬೇಕಿತ್ತು.

"ಒಳಗೆ ಬನ್ನಿ" ಎಂದೆ. "ಈ ಸುತ್ತಿನಲ್ಲೇ."

ಅರಬಾಬ್ ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಎಸೆದರು.

ಕಾರು ಬಂದು ನಿಂತಿತು. ಇಕ್ಕ ಮಂಡಿಯೂರಿ ವ್ರೆಂಚ್ ಕೂರಿಸಿದರು. ಇಂಜಿನಿನ ಗದ್ದಲದಲ್ಲಿ ಸದ್ದು ಕೇಳಿಸುವುದಿಲ್ಲ. ಟಕ್ ಎಂದಾಗ ಅವರ ಹೆಗಲು ಸಣ್ಣಗೆ ಜರ್ಕ್ ಹೊಡೆಯುವುದು ಮಾತ್ರ ಕಾಣುತ್ತದೆ. ಒಂದು. ಎರಡು. ಮೂರು. ನಟ್ಟು ಒಂದೂ ಅಲ್ಲಾಡಲಿಲ್ಲ. ಐದನೆಯದಾದ ಮೇಲೆ ಅವರು ನನ್ನ ಕಡೆ ತಿರುಗಿ, ಬಿಗಿ ಇದೆ ಎಂದು ತಲೆಯಾಡಿಸಿದರು. ಕಣ್ಣು ತುಂಬಿತ್ತು. ನನಗೆ ಜೀವ ಬಂದ ಹಾಗಾಯಿತು, ಅದೇ ಗಳಿಗೆಯಲ್ಲಿ ನಾನು ಮುಳುಗಿದೆ ಎಂದೂ ಗೊತ್ತಾಯಿತು. ಟಯರಿನ ಮೇಲೆ ಕೈಯಾಡಿಸಿದೆ. ಎರಡೋ ಮೂರೋ ರಬ್ಬರ್ ಚೂರು, ನಾಣ್ಯದಷ್ಟು ಅಗಲ. ಕಿತ್ತೆಸೆದೆ. ಅಷ್ಟಕ್ಕೆ ದೊಡ್ಡ ನಡುಕ ಬರುವುದಿಲ್ಲ. ಹೊರಡಲು ಕೈಬೀಸಿದೆ.

ಏಳನೆಯವರಾಗಿ ಮುಗಿಸಿದೆವು.

ಅರಬಾಬ್ ಅಷ್ಟರಲ್ಲಿ ಹೊರಟುಹೋಗಿದ್ದರು. ಸಾಮಾನು ಕಟ್ಟುವಾಗ ಚಾಲಕ ಟಯರುಗಳ ರಾಶಿಯ ಹಿಂದೆ ನನ್ನನ್ನು ಕರೆದ. ರೇಸಿನ ಬಟ್ಟೆ ಸೊಂಟದ ತನಕ ಬಿಚ್ಚಿಕೊಂಡಿದ್ದ.

"ಚೀಫ್, ಟಯರ್ ನೋಡಿದಿರಿ ಅಲ್ಲವಾ?"

"ನೋಡಿದೆ."

"ಹಾಗಾದರೆ ನಿಮಗೆ ಗೊತ್ತು."

ನಾನು ಕೈಯಲ್ಲಿದ್ದ ಹಗ್ಗದ ಸುರುಳಿಯನ್ನು ಟಯರಿನ ಮೇಲಿಟ್ಟೆ.

"ಸಣ್ಣ ನಡುಕ. ರಬ್ಬರ್ ಅಂತ ನನಗೂ ಗೊತ್ತಿತ್ತು" ಎಂದ. "ಬ್ರೇಕ್ ಹಾಕುವ ಜಾಗ ಬಂದಾಗ ಕಾಲು ಮೊದಲೇ ಎದ್ದುಬಿಡ್ತಿತ್ತು. ನಾನು ಎತ್ತಿದ್ದಲ್ಲ, ಅದೇ ಎದ್ದದ್ದು. ಆ ತಿರುವಿಗೆ ಮತ್ತೊಮ್ಮೆ ಹೋಗಲಿಕ್ಕೆ ನನ್ನಿಂದ ಆಗ್ತಿರಲಿಲ್ಲ. ನೀವು ಕರೆಯಬೇಕು ಅಂತಲೇ ದೊಡ್ಡದು ಅಂದೆ."

"ಆಮೇಲೆ ಕೊನೆಯ ತನಕ ಓಡಿಸಿದಿರಲ್ಲ."

"ಇಕ್ಕ ತಲೆಯಾಡಿಸಿದ್ದು ನೋಡಿದೆ." ಕೈಗವಸನ್ನು ಮಡಚಿ ಬಿಡಿಸಿ ಮಾಡುತ್ತಿದ್ದ. "ಅಣ್ಣನಿಗೆ ಗೊತ್ತಾಗಬಾರದು."

ಮಾರನೆಯ ಸಂಜೆ ಅಲ್ ಅಜೀಜಿಯಾದ ಅರಬಾಬರ ಮನೆಗೆ ಬರಲು ಕರೆ ಬಂತು. ಬೈಠಕ್ಕಿನ ಮಜ್ಲಿಸ್ ಕೋಣೆಯಲ್ಲಿ ಅರಬಾಬರ ಇಬ್ಬರು ಚಿಕ್ಕಪ್ಪಂದಿರು, ಒಂದಿಬ್ಬರು ಸ್ನೇಹಿತರು ಗೋಡೆಗೊರಗಿ ಕುಳಿತಿದ್ದರು. ಬಾಗಿಲ ಹತ್ತಿರ ಚಾಲಕ, ಬಿಳಿ ನಿಲುವಂಗಿ ಥೋಬಿನಲ್ಲಿ. ಬರುವ ದಾರಿಯಲ್ಲಿ ಏನು ಹೇಳಲಿ ಎಂದು ಹತ್ತು ರೀತಿ ಯೋಚಿಸಿದ್ದೆ. ಬಣ್ಣ, ಬ್ರೇಕಿನ ಕಾವು, ರಬ್ಬರು, ಎಲ್ಲ ಇತ್ತು. ಟಯರುಗಳ ರಾಶಿಯ ಹಿಂದೆ ಕೇಳಿದ್ದನ್ನೂ ಸೇರಿಸಿ ಹೇಳಿದರೆ ನಾನು ಉಳಿಯುತ್ತಿದ್ದೆ.

"ಇಡೀ ತಂಡದ ಮುಂದೆ ಬೇಡ ಅಂದೆ, ಆದರೂ ನೀನು ಕರೆದೆ" ಎಂದರು ಅರಬಾಬ್. ಕೋಪ ಆರಿತ್ತು, ಆದರೆ ಬಿಡುವ ಹಾಗಿರಲಿಲ್ಲ. "ನಟ್ಟು ಬಿಗಿ ಇತ್ತು. ಟಯರ್ ನಾನೂ ಆಮೇಲೆ ನೋಡಿದೆ. ಒಳಗೆ ಕೂತವನಿಗೆ ನಡುಕ ದೊಡ್ಡದಾಗಿ ಅನ್ನಿಸಿರಬಹುದು, ಅಂಥದ್ದೇನೂ ಇರಲಿಲ್ಲ. ಯಾಕೆ ಕರೆದದ್ದು, ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಒಬ್ಬನನ್ನು ಬಿಟ್ಟು. ಅವನು ಕಾರ್ಪೆಟ್ಟಿನ ಹೂವು ನೋಡುತ್ತಿದ್ದ.

"ನನಗೆ ಹೆದರಿಕೆ ಆಯಿತು, ಅರಬಾಬ್" ಎಂದೆ.

ಒಬ್ಬ ಚಿಕ್ಕಪ್ಪ ನಕ್ಕರು, ಕೆಟ್ಟದಾಗೇನಲ್ಲ. ಅರಬಾಬ್ ಕೂಡ ಸಡಿಲಗೊಂಡರು.

"ಹೆದರಿಕೆ ಅಂತ ಬಾಯಿಬಿಟ್ಟು ಹೇಳಿದೆಯಲ್ಲ, ಸರಿ. ಬಣ್ಣ ಗಿಣ್ಣ ಅಂತ ಮತ್ತೆ ಕತೆ ಹೇಳಿದ್ದರೆ ಇವತ್ತೇ ಕಳಿಸುತ್ತಿದ್ದೆ. ನಿನ್ನ ಆ ಮುದುಕನೂ ಇರಲಿ, ಅವನ ನಟ್ಟು ಬಿಗಿ ಇತ್ತು." ಪಕ್ಕದವರ ಕಡೆ ತಿರುಗಿ ಅಭಿಮಾನದಿಂದ ಹೇಳಿದರು: "ಮೆಕ್ಯಾನಿಕ್ ಹೆದರಿದರೆ ತೊಂದರೆ ಇಲ್ಲ. ನನ್ನ ತಮ್ಮನನ್ನು ನೋಡಿ. ಒಂದು ವಾರದ ಹಿಂದೆ ಚಕ್ರ ಹೋದ ಜಾಗಕ್ಕೇ ಮತ್ತೆ ಬಂದು ಮೂರನೆಯವನಾಗಿದ್ದ. ಇವನಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿಲ್ಲ."

ಚಾಲಕ ಎದ್ದ. ಮೂಲೆಯಲ್ಲಿ ನಿಂತಿದ್ದ ಆಳಿನ ಕೈಯಿಂದ ಕಾಫಿ ಹೂಜಿ ದಲ್ಲಾವನ್ನು ತೆಗೆದುಕೊಂಡು ನೇರ ನನ್ನ ಬಳಿ ಬಂದು, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಹೊಯ್ದ. ಹಿರಿಯರೆಲ್ಲ ಕುಳಿತಿರುವಾಗ ಕೆಲಸದವನಿಗೆ ಮೊದಲು ಹೊಯ್ಯುವ ಪದ್ಧತಿ ಅಲ್ಲಿಲ್ಲ. ಒಬ್ಬ ಚಿಕ್ಕಪ್ಪನ ಹುಬ್ಬು ಏರಿತು. ಕುಡಿದು, ಇನ್ನು ಸಾಕು ಎನ್ನಲು ಅಲ್ಲಿಯವರು ಮಾಡುವ ಹಾಗೆ ಬಟ್ಟಲನ್ನು ಬೆರಳಲ್ಲೇ ಅಲ್ಲಾಡಿಸಿದೆ. ಅವನು ಅದನ್ನು ಕಾಣದವನಂತೆ ಮತ್ತೆ ಹೊಯ್ದ. ನಾನೂ ಕುಡಿದೆ.